ವಾರದ ಬುಟ್ಟಿಯ ಸೊಪ್ಪು ಬಾಡುವ ಮೊದಲು

ಬೆಂಗಳೂರಿನಿಂದ ಪ್ರಶ್ನೆ: ಊರ ಹೊರಗಿನ ಒಂದು ತೋಟಕ್ಕೆ ಮುಂಗಡ ಹಣ ಕಟ್ಟಿದ್ದೇವೆ. ಅಲ್ಲಿ ಬೆಳೆದದ್ದು ಶನಿವಾರ ಮನೆಗೆ ಬರುತ್ತದೆ, ಆಯ್ಕೆ ನಮ್ಮದಲ್ಲ. ಈ ಸಲ ದಂಟಿನ ಸೊಪ್ಪು, ಸಬ್ಬಸಿಗೆ, ಎಲೆಸಮೇತ ಮೂಲಂಗಿ ಮತ್ತು ನವಿಲುಕೋಸು, ರಾಶಿ ಅವರೆಕಾಯಿ, ದೊಡ್ಡದೊಂದು ಸಿಹಿಗುಂಬಳ. ತಿನ್ನುವವರು ಮೂವರು. ಬುಧವಾರದ ಹೊತ್ತಿಗೆ ಸೊಪ್ಪೆಲ್ಲ ಹಳದಿ. ಹೇಗೆ ಸಂಭಾಳಿಸುತ್ತೀರಿ?

ಮಂಡ್ಯದಿಂದ: ಬುಟ್ಟಿ ಬಂದ ಕೂಡಲೇ ಮೂಲಂಗಿ, ನವಿಲುಕೋಸಿನ ಎಲೆಗಳನ್ನು ಕತ್ತರಿಸಿ ಬೇರೆ ಮಾಡಿ. ಹಾಗೆಯೇ ಬಿಟ್ಟರೆ ಅವು ಗಡ್ಡೆಯ ನೀರನ್ನು ಎಳೆದುಕೊಂಡು ಗಡ್ಡೆಯನ್ನು ಬೆಂಡು ಮಾಡುತ್ತವೆ. ಎಲೆಗಳನ್ನು ಮಾತ್ರ ದಯವಿಟ್ಟು ಎಸೆಯಬೇಡಿ. ದಂಟಿನ ಎಲೆಯ ಜೊತೆ ಸೇರಿಸಿ ಅಂದೇ ಬಸ್ಸಾರು ಮಾಡಿ. ತೊಗರಿಬೇಳೆ ಮುಕ್ಕಾಲು ಬೆಂದ ಮೇಲೆ ಸೊಪ್ಪು, ಉಪ್ಪು ಹಾಕಿ. ಬೇಳೆ ಬೆರಳಿಗೆ ಸಿಕ್ಕಿದರೆ ಮುರಿಯಬೇಕು, ಕರಗಬಾರದು. ಆ ಹದಕ್ಕೆ ಬಸಿಯಿರಿ. ಹುರಿದ ಈರುಳ್ಳಿ, ಬೆಳ್ಳುಳ್ಳಿ, ಕಾಯಿತುರಿ, ಜೀರಿಗೆ, ಮೆಣಸು, ಹುಣಸೆಹಣ್ಣು, ಸಾರಿನ ಪುಡಿಯ ಜೊತೆ ಬೆಂದ ಸೊಪ್ಪುಬೇಳೆ ಒಂದು ಹಿಡಿ ಹಾಕಿ ರುಬ್ಬಿ, ಬಸಿದ ಕಟ್ಟಿನ ನೀರಿಗೆ ಬೆರೆಸಿ ಕುದಿಸಿ. ಆ ಒಂದು ಹಿಡಿ ಇಲ್ಲದಿದ್ದರೆ ಸಾರು ನೀರುನೀರು. ಉಳಿದ ಸೊಪ್ಪುಬೇಳೆಗೆ ಒಗ್ಗರಣೆ ಕೊಟ್ಟರೆ ಪಲ್ಯ. ಮುದ್ದೆಗೆ ಇನ್ನೇನು ಬೇಕು? ಮರುದಿನ ಸಾರು ಇನ್ನೂ ರುಚಿ.

ದಂಟಿನ ನಾರು ತೆಗೆದು ಸೋಮವಾರದ ಹುಳಿಗೆ ಇಡಿ. ಸಬ್ಬಸಿಗೆ ಭಾನುವಾರದ ಅಕ್ಕಿರೊಟ್ಟಿಗೆ. ಮಿಕ್ಕಿದ್ದನ್ನು ತೊಳೆಯದೆ, ಒಣಗಿದ ಹತ್ತಿಬಟ್ಟೆಯಲ್ಲಿ ಸುತ್ತಿ ಫ್ರಿಜ್‌ನಲ್ಲಿಡಿ. ಒದ್ದೆ ಸೊಪ್ಪು ಬೇಗ ಕೊಳೆಯುತ್ತದೆ. ಏನು ಬಂದರೂ ಸಾಂಬಾರಿಗೆ ಸುರಿಯುವ ಅಭ್ಯಾಸ ನನಗೆ ಸುತರಾಂ ಒಪ್ಪಿಗೆಯಿಲ್ಲ. ರೈತ ಬೆಳೆದ ಒಂದೊಂದಕ್ಕೂ ಅದರದೇ ರುಚಿಯಿದೆ.

ಕೋಲಾರದಿಂದ: ಬಸ್ಸಾರಿನ ವಿಷಯದಲ್ಲಿ ಮಂಡ್ಯದ ಅಕ್ಕನ ಮಾತೇ ಸರಿ. ಅವರೆಗೆ ನಾನು ಹೇಳುತ್ತೇನೆ. ಸಂಕ್ರಾಂತಿಯ ಆಸುಪಾಸಿನ ಕಾಯಿಯ ಸೊಗಡು ಬೇರೆ ತಿಂಗಳಲ್ಲಿ ಸಿಗುವುದಿಲ್ಲ, ಆದ್ದರಿಂದ ರಾಶಿ ಬಂದಿತೆಂದು ಬೇಸರಿಸಬೇಡಿ. ಸಂಜೆ ಎಲ್ಲರೂ ಕುಳಿತು ಸುಲಿಯಿರಿ. ಎಳೆಯ ಕಾಳು ಉಪ್ಪಿಟ್ಟಿಗೆ, ಸಬ್ಬಸಿಗೆ ಸೇರಿಸಿದ ಸಾರಿಗೆ. ಬಲಿತದ್ದನ್ನು ರಾತ್ರಿ ನೀರಿನಲ್ಲಿ ನೆನೆಸಿ, ಬೆಳಗ್ಗೆ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಜಾರಿ ಬೀಳುತ್ತದೆ. ಹಿತಕಿದ ಬೇಳೆ ಹೆಚ್ಚಾದರೆ ಡಬ್ಬಿಗೆ ತುಂಬಿ ಫ್ರೀಜರಿನಲ್ಲಿಡಿ.

ಪುತ್ತೂರಿನಿಂದ: ಕುಂಬಳದ ಚಿಂತೆ ಬಿಡಿ. ತೊಟ್ಟು ಮುರಿಯದೆ, ಗಾಳಿಯಾಡುವ ಒಣಜಾಗದಲ್ಲಿಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ನಮ್ಮ ಕಡೆ ಸಾಂಬಾರು ಸೌತೆಕಾಯಿಯನ್ನೂ ಬಾಳೆನಾರಿನಲ್ಲಿ ಕಟ್ಟಿ ಅಟ್ಟಕ್ಕೆ ತೂಗುಹಾಕಿ ಮಳೆಗಾಲಕ್ಕೆ ಉಳಿಸಿಕೊಳ್ಳುತ್ತಾರೆ. ಬುಟ್ಟಿ ಬಡವಾದ ವಾರಕ್ಕೆ ಕುಂಬಳವನ್ನು ಕಾದಿರಿಸಿ. ಕತ್ತರಿಸಿದ ಮೇಲೆ ಮಾತ್ರ ತಡಮಾಡಬೇಡಿ: ಒಂದು ಹೋಳು ಪಲ್ಯಕ್ಕೆ, ಇನ್ನೊಂದನ್ನು ನೆನೆಸಿದ ಅಕ್ಕಿ ಮತ್ತು ಬೆಲ್ಲದೊಡನೆ ರುಬ್ಬಿ ದೋಸೆಗೆ, ಉಳಿದದ್ದು ಪಕ್ಕದ ಮನೆಗೆ.