ಮೂಗಿಗೆ ಸೀಸ ತುಂಬಿದ ಮೇಲೆ ಗ್ಲೈಡರ್ ಬೇಗ ಇಳಿಯುತ್ತೆ, ಯಾಕೆ?

ಮಂಡ್ಯದ ಪೈಲಟ್: ಎರಡು ಮೀಟರ್ ರೆಕ್ಕೆಯ ಆರ್‌ಸಿ (ರಿಮೋಟ್‌ನಿಂದ ಹಾರಿಸುವ) ಗ್ಲೈಡರ್, ತೂಕ ಹೆಚ್ಚೂಕಮ್ಮಿ ಒಂದು ಕೆಜಿ. ಭತ್ತ ಕೊಯ್ದ ಗದ್ದೆಯಲ್ಲಿ ಹಾರಿಸುತ್ತೇನೆ. ಮೊದಲು ಮಾತುಮಾತಿಗೆ ಸ್ಟಾಲ್ ಆಗುತ್ತಿತ್ತು, ಅಂದ್ರೆ ಮೂಗು ಜಾಸ್ತಿ ಎದ್ದು ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುತ್ತಿತ್ತು. ಮೂಗಿಗೆ ಸೀಸ ತುಂಬಿದೆ. ಈಗ ಸ್ಟಿಕ್ ಬಿಟ್ಟರೂ ನೆಟ್ಟಗೆ ಹೋಗುತ್ತೆ. ಆದರೆ ಎಲಿವೇಟರ್ (ಬಾಲದ ಆಡುವ ಪಟ್ಟಿ) ಟ್ರಿಮ್, ಅಂದ್ರೆ ಸ್ಟಿಕ್ ಮುಟ್ಟದಾಗಿನ ಅದರ ನೆಲೆ, ಸದಾ ಮೇಲಕ್ಕೇ ಇಡಬೇಕು, ಬೇಗ ನೆಲಕ್ಕೂ ಬರುತ್ತೆ. ಸ್ಥಿರವಾಗಿದ್ದರೆ ಚೆನ್ನಾಗಿ ತೇಲಬೇಕಲ್ವಾ?

ಗಾಳಿಪಟ: ಭಾರ ಜಾಸ್ತಿ ಆಯ್ತು, ಅಷ್ಟೇ.

ಕುವೆಂಪುನಗರದ ಬಾಲ್ಸಾ: ಬರೀ ಭಾರ ಅಲ್ಲ. ಭಾರ ಹೆಚ್ಚಿದರೆ ಇಳಿಯುವ ವೇಗವೂ ಹೆಚ್ಚುತ್ತೆ, ಮುಂದೆ ಹೋಗುವ ವೇಗವೂ ಹೆಚ್ಚುತ್ತೆ. ಜಾರುವ ಕೋನ ಅಷ್ಟಾಗಿ ಬದಲಾಗಲ್ಲ. ನಿಮ್ಮ ಟ್ರಿಮ್ ನೋಡಿ, ಕಳ್ಳ ಅಲ್ಲಿದ್ದಾನೆ.

ಕಬ್ಬಿನ ಗಾಡಿ ಮುಂಬಾರ ಆದರೆ ನೊಗ ಎತ್ತಿನ ಹೆಗಲ ಮೇಲೆ ಕೂರುತ್ತೆ ನೋಡಿ, ಇಲ್ಲಿ ಆ ಹೊರೆ ರೆಕ್ಕೆಗೆ. ಮೂಗು ಬಗ್ಗದಿರಲು ಬಾಲ ಕೆಳಕ್ಕೆ ಒತ್ತಬೇಕು. ಬಾಲ 50 ಗ್ರಾಂನಷ್ಟು ಒತ್ತಿದರೆ ನಿಮ್ಮ ರೆಕ್ಕೆ 1000 ಅಲ್ಲ, 1050 ಗ್ರಾಂ ಎತ್ತಬೇಕು. ಅದೇ ವೇಗದಲ್ಲಿ ಲಿಫ್ಟ್ (ಎತ್ತುವ ಬಲ) 5% ಹೆಚ್ಚಿದರೆ ಇಂಡ್ಯೂಸ್ಡ್ ಡ್ರ್ಯಾಗ್ (ಲಿಫ್ಟ್‌ನಿಂದಲೇ ಹುಟ್ಟುವ ಗಾಳಿಯ ಎಳೆತ) ಸುಮಾರು 10% ಹೆಚ್ಚುತ್ತೆ, ಯಾಕಂದ್ರೆ ಅದು ಲಿಫ್ಟ್‌ನ ವರ್ಗಕ್ಕೆ ತಕ್ಕಂತೆ ಏರುತ್ತೆ. ಮೇಲೆದ್ದು ನಿಂತ ಎಲಿವೇಟರ್‌ನ ಡ್ರ್ಯಾಗ್ ಬೇರೆ. ಗ್ಲೈಡರ್ ಮೆಲ್ಲಗೆ ಹಾರುವಾಗ ಇಂಡ್ಯೂಸ್ಡ್ ಡ್ರ್ಯಾಗಿನದೇ ದೊಡ್ಡ ಪಾಲು, ಅದಕ್ಕೇ ನಿಮಗೆ ಇಷ್ಟು ಗೊತ್ತಾಗುತ್ತಿದೆ.

ಶಬ್ದಕ್ಕಿಂತ ವೇಗದ ಪ್ರಯಾಣಿಕ ವಿಮಾನ ಕಾಂಕಾರ್ಡ್‌ಗೂ ಇದೇ ತಲೆನೋವಿತ್ತು. ಶಬ್ದದ ವೇಗ ದಾಟಿದಾಗ ಲಿಫ್ಟ್ ಹಿಂದಕ್ಕೆ ಸರಿದು ಮೂಗು ಬಗ್ಗುತ್ತಿತ್ತು. ಎಲಿವಾನ್ (ರೆಕ್ಕೆಯ ಹಿಂದಂಚಿನ ಆಡುವ ಪಟ್ಟಿ) ಎತ್ತಿ ಸರಿದೂಗಿಸಿದರೆ ಡ್ರ್ಯಾಗ್. ಹಾಗಾಗಿ ಇಂಧನವನ್ನೇ ಹಿಂದಿನ ಟ್ಯಾಂಕಿಗೆ ಪಂಪ್ ಮಾಡುತ್ತಿದ್ದರು. ಏರ್‌ಬಸ್ ಎ330ರ ಬಾಲದಲ್ಲೂ ಇದಕ್ಕೇ ಟ್ಯಾಂಕ್ ಇದೆ.

ಮಂಡ್ಯದ ಪೈಲಟ್: ಹಾಗಾದ್ರೆ ಸೀಸ ಪೂರ್ತಿ ತೆಗೆದುಬಿಡಲಾ?

ಕುವೆಂಪುನಗರದ ಬಾಲ್ಸಾ: ಅಯ್ಯೋ, ಬೇಡ! ಸಿಜಿ (ಭಾರದ ಕೇಂದ್ರ) ನ್ಯೂಟ್ರಲ್ ಪಾಯಿಂಟ್, ಅಂದ್ರೆ ಸ್ಥಿರತೆ ಮುಗಿಯುವ ಜಾಗ, ದಾಟಿ ಹಿಂದೆ ಹೋದರೆ ಚೂರು ಮೂಗೆತ್ತಿದರೂ ಅದು ಎತ್ತುತ್ತಲೇ ಹೋಗುತ್ತೆ. ನಮ್ಮ ತೇಜಸ್ ಯುದ್ಧವಿಮಾನ ಬೇಕಂತಲೇ ಹಾಗಿದೆ. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲ ಸಲ ಹಾರಿತಲ್ಲ, ಆಗಲೂ ಅದನ್ನು ಹಿಡಿದು ನಿಲ್ಲಿಸಿದ್ದು ಫ್ಲೈ-ಬೈ-ವೈರ್ ಕಂಪ್ಯೂಟರ್. ನಿಮ್ಮ ಹತ್ತಿರ ಇರೋದು ಎರಡು ಹೆಬ್ಬೆರಳು.

ಸೀಸ ಚೂರುಚೂರೇ ತೆಗೆಯಿರಿ. ರೆಕ್ಕೆಯ ಮುಂದಿನ ಅಂಚಿನಿಂದ ಅದರ ಅಗಲದ ಮೂರನೇ ಒಂದು ಭಾಗದಷ್ಟು ಹಿಂದೆ ಬೆರಳಿಟ್ಟು ಎತ್ತಿದಾಗ ಸಮ ನಿಂತರೆ ಸಾಕು, ಅಲ್ಲಿಂದ ಶುರುಮಾಡಿ. ಮತ್ತೆ ಟ್ರಿಮ್ ಮಾಡಿ, ಎತ್ತರಕ್ಕೆ ಹೋಗಿ ಮೂಗು ಬಗ್ಗಿಸಿ ಸ್ಟಿಕ್ ಬಿಡಿ. ಜೋರಾಗಿ ಮೇಲೆದ್ದರೆ ಇನ್ನೂ ಮುಂಬಾರ. ಇನ್ನಷ್ಟು ಕೆಳಕ್ಕೆ ಮುಗ್ಗರಿಸಿದರೆ ಹಿಂಬಾರ, ತಕ್ಷಣ ಸ್ಟಿಕ್ ಎಳೆದುಕೊಳ್ಳಿ. ನಿಧಾನಕ್ಕೆ ತಾನಾಗಿ ಏಳಬೇಕು.

ಗಾಳಿಪಟ: ಒಪ್ಪಿದೆ. ಸ್ಟಾಲ್ ಆಗುತ್ತಿದ್ದದ್ದಕ್ಕೆ ರೆಕ್ಕೆ ಕೂರಿಸಿದ ಕೋನವನ್ನೂ ಒಮ್ಮೆ ನೋಡಿ. ಮೈಸೂರಿಗೆ ಬಂದರೆ ಮಂಡಕಳ್ಳಿ ಏರ್‌ಪೋರ್ಟ್ ಆಸುಪಾಸಿನಲ್ಲಿ ಮಾತ್ರ ಹಾರಿಸಬೇಡಿ ಮಾರಾಯ್ರೇ.