ಹಳೇ ಶೇಪ್, ಹೊಸ ಡೆಕ್, ಒಂದು ವೀಲ್ ಗಾಳಿಯಲ್ಲಿ: ಇದಕ್ಕೆ ಮದ್ದಿದೆಯಾ?

ಅಗಲ_ಟೇಲ್:

1980ರ ದಶಕದ ಒಂದು ಸ್ಕೇಟ್‌ಬೋರ್ಡ್ ಶೇಪ್‌ನ ರೀಇಶ್ಯೂ (ಹಳೆಯದರಂತೆ ಮತ್ತೆ ಮಾಡಿದ) ಡೆಕ್, ಅಂದರೆ ಮರದ ಪದರ ಅಂಟಿಸಿ ಮಾಡಿದ, ಮೇಲೆ ನಿಲ್ಲುವ ಹಲಗೆ, ಕೊನೆಗೂ ಕೈ ಸೇರಿತು. 10 ಇಂಚು ಅಗಲ, ಮುಂದಿನ ತುದಿ (ನೋಸ್) ಚಪ್ಪಟೆ, ಹಿಂದಿನ ತುದಿಗೆ (ಟೇಲ್) ಮಾತ್ರ ಕಿಕ್, ಅಂದರೆ ಮೇಲಕ್ಕೆ ಬಾಗು. ಕಂಪನಿ ಹೆಸರು ಹೇಳುವುದಿಲ್ಲ, ಅವರ ಜೊತೆ ಇನ್ನೂ ಮಾತುಕತೆ ನಡೆದಿದೆ. ಚಿತ್ರದ ಬಗ್ಗೆ ದೂರಿಲ್ಲ. ಸ್ಕ್ರೀನ್ ಪ್ರಿಂಟ್ ಮಾಡಿದ್ದಾರೆ, ಬೆರಳಾಡಿಸಿದರೆ ಒಂದೊಂದು ಬಣ್ಣದ ಅಂಚೂ ಕೈಗೆ ಸಿಗುತ್ತದೆ. ತೊಂದರೆ ಇರುವುದು ಮರದಲ್ಲಿ.

ಬಿಚ್ಚಿದ ಕೂಡಲೇ ಮೇಜಿನ ಮೇಲೆ ಇಟ್ಟೆ, ತೊಟ್ಟಿಲಿನ ಹಾಗೆ ತೂಗಿತು. ಟ್ರಕ್ (ವೀಲ್‌ಗಳನ್ನು ಹಿಡಿದಿಡುವ ಲೋಹದ ಭಾಗ), ವೀಲ್ ಹಾಕಿ ದಪ್ಪ ಗಾಜಿನ ಮೇಲೆ ಇಟ್ಟು ನೋಡಿದೆ. ಮುಂದಿನ ಎಡ ವೀಲ್ ಗಾಜು ಮುಟ್ಟುವುದಿಲ್ಲ. ಎರಡು ಎಟಿಎಂ ಕಾರ್ಡ್ ಜೋಡಿಸಿ ಅದರ ಕೆಳಗೆ ತೂರಿಸಿದರೂ ಸಲೀಸಾಗಿ ಹೋಗುತ್ತವೆ. ಇನ್ನೊಂದು ವಿಷಯ. ಟೇಲ್ ಅಂಚಿನಲ್ಲಿ ಕೆಂಪು ಪದರಕ್ಕೂ ಅದರ ಕೆಳಗಿನದಕ್ಕೂ ನಡುವೆ ಒಂದು ಸೀಳು ಇದೆ. ಹೆಬ್ಬೆರಳಿನ ಅಗಲದಷ್ಟು ಉದ್ದ, ಉಗುರು ಒಳಗೆ ಹೋಗುತ್ತದೆ.

ದಾರಿಯಲ್ಲಿ ತೇವ ಹೀರಿ ಹೀಗಾಯಿತೋ, ಮಾಡುವಾಗಲೇ ಹೀಗಿತ್ತೋ? ಬಿಸಿ ಮಾಡಿ ಕ್ಲಾಂಪ್ ಹಾಕಿದರೆ ಸರಿಹೋಗುತ್ತದಾ? ಗೋಡೆಗೆ ನೇತುಹಾಕಲು ತರಿಸಿದ್ದಲ್ಲ, ಓಡಿಸಲು ತರಿಸಿದ್ದು.

ಸುಮ್ನೆ_ತಳ್ಳು:

ಮರ ಅಂದ ಮೇಲೆ ಸ್ವಲ್ಪ ಅಲುಗಾಡುತ್ತದೆ. ಬುಶಿಂಗ್ (ಟ್ರಕ್ ವಾಲಲು ಬಿಡುವ ರಬ್ಬರಿನಂಥ ಉಂಗುರ) ಸ್ವಲ್ಪ ಸಡಿಲ ಮಾಡಿ ಮೇಲೆ ನಿಲ್ಲಿ, ನಾಲ್ಕೂ ವೀಲ್ ನೆಲಕ್ಕೆ ಕೂರುತ್ತವೆ. ನಾನು ವರ್ಷಗಟ್ಟಲೆ ಹಾಗೇ ಓಡಿಸಿದ್ದೇನೆ. ಆದರೆ ಆ ಸೀಳು ನನಗೂ ಸರಿ ಅನ್ನಿಸುತ್ತಿಲ್ಲ.

ಏಳು_ಪದರ:

ನಾನು ಮನೆಯಲ್ಲೇ ಡೆಕ್ ಪ್ರೆಸ್ ಮಾಡುತ್ತೇನೆ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ದೋಷ ಡೆಕ್‌ನದ್ದೇ ಅಂತ ಖಚಿತ ಮಾಡಿಕೊಳ್ಳಿ. ಬರೀ ಡೆಕ್ ಮೇಜಿನ ಮೇಲೆ ತೂಗಿದ್ದನ್ನು ಲೆಕ್ಕಕ್ಕೆ ತಗೋಬೇಡಿ. ಕಾನ್ಕೇವ್ (ನಡು ತಗ್ಗು, ಎರಡು ಅಂಚು ಎತ್ತರ) ಇರುವ ಡೆಕ್‌ನ ಅಡಿ ಉಬ್ಬಿರುತ್ತದೆ, ನೆಟ್ಟಗಿರುವ ಡೆಕ್ ಕೂಡ ತೂಗುತ್ತದೆ. ಗಾಜಿನ ಪರೀಕ್ಷೆ ಒಳ್ಳೆಯದು, ಆದರೆ ಟ್ರಕ್ಕೇ ಸೊಟ್ಟ ಇದ್ದರೆ? ಮುಂದಿನ ಟ್ರಕ್ ಹಿಂದಕ್ಕೆ, ಹಿಂದಿನದು ಮುಂದಕ್ಕೆ ಹಾಕಿ ನೋಡಿ ಅಂತ ಎಲ್ಲರೂ ಹೇಳುತ್ತಾರೆ. ಅದರಿಂದ ಏನೂ ಗೊತ್ತಾಗುವುದಿಲ್ಲ. ಇನ್ನೊಂದು ತುದಿಗೆ ಹೋಗುವಾಗ ಟ್ರಕ್ ತಾನೂ ಅರ್ಧ ಸುತ್ತು ತಿರುಗುತ್ತದೆ ಅಲ್ವಾ? ಮುಂದೆ ಎಡಗಡೆ ಎತ್ತಿದ್ದದ್ದು ಹಿಂದೆ ಬಲಗಡೆ ಎತ್ತುತ್ತದೆ. ಅಂದರೆ ಮತ್ತೆ ಅದೇ ಮೂಲೆಯಿಂದ ಮೂಲೆಗೆ ತೂಗುತ್ತದೆ. ಅದರ ಬದಲು ಎರಡೂ ಟ್ರಕ್‌ಗಳನ್ನು ಇದ್ದಲ್ಲೇ ಹಿಂದುಮುಂದಾಗಿ ತಿರುಗಿಸಿ ಹಾಕಿ. ಬುಶಿಂಗ್ ಬಿಗಿ ಮಾಡಿ ಗಾಜಿನ ಮೇಲಿಡಿ. ಈಗ ಬೇರೆ ಮೂಲೆ ಎದ್ದರೆ ತಪ್ಪು ಟ್ರಕ್ಕಿನದು. ಅದೇ ಮೂಲೆ ಎದ್ದರೆ ಡೆಕ್ಕಿನದು.

ಇನ್ನೊಂದು ದಾರಿ ಬಡಗಿಗಳದ್ದು. ಟ್ರಕ್ ಬಿಚ್ಚಿ, ಎರಡು ನೇರವಾದ ಪಟ್ಟಿಗಳನ್ನು ಡೆಕ್‌ಗೆ ಅಡ್ಡವಾಗಿ ಇಡಿ, ಒಂದು ಮುಂದಿನ ತೂತುಗಳ ಹತ್ತಿರ, ಒಂದು ಹಿಂದಿನ ತೂತುಗಳ ಹತ್ತಿರ. ಒಂದು ಕಣ್ಣು ಮುಚ್ಚಿ ಟೇಲ್ ಕಡೆಯಿಂದ ನೋಡಿ. ಎರಡು ಪಟ್ಟಿಯ ಮೇಲಂಚು ಒಂದಕ್ಕೊಂದು ಸಮ ಇಲ್ಲದಿದ್ದರೆ ಡೆಕ್ ತಿರುಚಿದೆ.

ಇನ್ನು ಕಾರಣ. ಸಾಮಾನ್ಯವಾಗಿ ಡೆಕ್ ಅಂದರೆ ಗಟ್ಟಿ ಮೇಪಲ್‌ನ 7 ಪದರ. ಒಂದೊಂದೂ ಸುಮಾರು ಒಂದೂವರೆ ಮಿಲಿಮೀಟರ್. ಐದರ ಎಳೆ ಉದ್ದಕ್ಕೆ, ಎರಡರದ್ದು ಅಡ್ಡಕ್ಕೆ. ನಡುವಿನ ಪದರದ ಮೇಲೂ ಕೆಳಗೂ ಒಂದೇ ಜೋಡಣೆ ಇರಬೇಕು, ಆಗ ಒಂದು ಕಡೆಯ ಎಳೆತವನ್ನು ಇನ್ನೊಂದು ಕಡೆ ತಡೆದುಕೊಳ್ಳುತ್ತದೆ. ಮೇಪಲ್ ಉದ್ದಕ್ಕೆ ಹಿಗ್ಗುವುದೇ ಇಲ್ಲ ಅನ್ನಬಹುದು. ಅಗಲಕ್ಕೆ ಹಿಗ್ಗುತ್ತದೆ. ದಿಮ್ಮಿಯನ್ನು ತಿರುಗಿಸುತ್ತ ತೆಳ್ಳಗೆ ಸುಲಿದ ವೆನೀರ್‌ನಲ್ಲಿ ತೇವ ಶೇಕಡಾ 4ರಷ್ಟು ಏರಿದರೆ, 10 ಇಂಚು ಅಗಲದ ಬಿಡಿ ಹಾಳೆ ಮೂರೂವರೆ ಮಿಲಿಮೀಟರ್‌ನಷ್ಟು ಅಗಲವಾಗುತ್ತದೆ. ಅದನ್ನು ಹಿಡಿದಿಡುವುದು ಅಡ್ಡ ಪದರ ಮತ್ತು ಅಂಟು. ಒಂದು ಹಾಳೆಯ ಎಳೆ ಸ್ವಲ್ಪ ಓರೆಯಾಗಿದ್ದರೂ ಆ ಎಳೆತ ಓರೆಯಾಗಿಯೇ ಬರುತ್ತದೆ. ಡೆಕ್ ತಿರುಚಿಕೊಳ್ಳುವುದು ಹೀಗೆ.

ಅಂಟು ನೀರಿನದ್ದಾದರೆ ಪ್ರೆಸ್ ಮಾಡುವಾಗಲೇ ಪದರಗಳು ನೀರು ಕುಡಿಯುತ್ತವೆ. ಅಚ್ಚಿನಿಂದ ತೆಗೆದ ಮೇಲೆ ಅವನ್ನು ಚೆನ್ನಾಗಿ ಆರಲು ಬಿಟ್ಟು ಆಮೇಲೆ ಕತ್ತರಿಸಬೇಕು. ಆತುರದಲ್ಲಿ ಕತ್ತರಿಸಿ, ಬಣ್ಣ ಹಾಕಿ, ಪ್ಲಾಸ್ಟಿಕ್ ಸುತ್ತಿದರೆ ಉಳಿದ ತೇವ ನಿಮ್ಮ ಮನೆಯಲ್ಲಿ ಹೊರಗೆ ಬರುತ್ತದೆ. ಒಂದೇ ಅಚ್ಚಿನಲ್ಲಿ ಹಲವು ಡೆಕ್ ಒಟ್ಟಿಗೆ ಒತ್ತುವುದೂ ಇದೆ, ಆಗ ಮೇಲಿನ ಡೆಕ್‌ನ ಕಾನ್ಕೇವ್ ಕೆಳಗಿನದಕ್ಕೆ ಸರಿಯಾಗಿ ಹೊಂದುವುದಿಲ್ಲ. ಕಿರಿದಾದ ಡೆಕ್‌ನಲ್ಲಿ ಇದೆಲ್ಲ ಅಷ್ಟಾಗಿ ಕಾಣದು. 10 ಇಂಚಿಗೆ ತಕ್ಕ ಅಗಲದ ಟ್ರಕ್ ಹಾಕಿದಾಗ ಅದೇ ಕೋನ ವೀಲ್ ಹತ್ತಿರ ಜಾಸ್ತಿ ಎತ್ತರವಾಗಿ ಕಾಣುತ್ತದೆ.

ಸುಮ್ನೆ_ತಳ್ಳು ಹೇಳಿದ್ದು ನಿಜ, ಮೇಲೆ ನಿಂತರೆ ನಾಲ್ಕೂ ವೀಲ್ ನೆಲ ಮುಟ್ಟುತ್ತವೆ. ಆದರೆ ಆಗ ಎರಡೂ ಟ್ರಕ್ ಒಂದೇ ದಿಕ್ಕಿಗೆ ತಿರುಗಿರುತ್ತವೆ, ಬೋರ್ಡು ಓರೆಯಾಗಿ ಸಾಗುತ್ತದೆ. ಒಂದು ಟ್ರಕ್ ಇನ್ನೊಂದಕ್ಕಿಂತ ಬಿಗಿ ಇದ್ದರೆ ಪಕ್ಕಕ್ಕೆ ಎಳೆಯುತ್ತದೆ.

ಅಗಲ_ಟೇಲ್:

ಟ್ರಕ್ ಹಿಂದುಮುಂದಾಗಿ ಹಾಕಿ ನೋಡಿದೆ, ಅದೇ ಮೂಲೆ ಎದ್ದಿತು. ಪಟ್ಟಿ ಇಟ್ಟು ನೋಡಿದಾಗ ಇನ್ನೂ ಸ್ಪಷ್ಟ. ಟೇಲ್ ಕಡೆಯ ಪಟ್ಟಿ ಸಮ, ನೋಸ್ ಕಡೆಯದು ಒಂದು ಪಕ್ಕಕ್ಕೆ ವಾಲಿದೆ. ಕಂಪನಿಯವರು 'ಮರದ ಸಹಜ ಗುಣ' ಅಂತ ಬರೆದಿದ್ದಾರೆ. ಇದಕ್ಕೆ ಏನು ಹೇಳಲಿ?

ಹಳೇ_ತೂತು:

ನಾನು ಆ ಕಾಲದ ಡೆಕ್‌ಗಳನ್ನು ಕೂಡಿಡುವವನು. ಹಳೆಯವೆಲ್ಲ ಗೆರೆ ಎಳೆದಂತೆ ನೆಟ್ಟಗಿದ್ದವು ಅನ್ನುವುದು ನಿಜವಲ್ಲ, ನನ್ನ ಹತ್ತಿರವೇ ತಿರುಚಿದ್ದು ಇದೆ. ಆದರೆ ಅದು ಹತ್ತಾರು ವರ್ಷ ಬಾಳಿದೆ. ಹೊಸದಾಗಿ ಬಿಚ್ಚಿದ ಡೆಕ್‌ಗೆ 'ಮರದ ಸಹಜ ಗುಣ' ಅನ್ನುವ ಮಾತು ಒಪ್ಪುವುದಿಲ್ಲ.

ತೂತುಗಳನ್ನೂ ಒಮ್ಮೆ ಅಳೆಯಿರಿ. ಟ್ರಕ್ ತೂತಿನ ಅಡ್ಡ ಅಂತರ ಆಗಲೂ ಈಗಲೂ 1⅝ ಇಂಚು. ಉದ್ದದ ಅಂತರ ಹಳೆಯದರಲ್ಲಿ 2½, ಈಗಿನದರಲ್ಲಿ 2⅛. ಕೆಲವು ರೀಇಶ್ಯೂಗಳಲ್ಲಿ ಎರಡೂ ಕೊರೆದಿರುತ್ತಾರೆ. ತೂತಿನ ಸಾಲು ನಡುಗೆರೆಗೆ ಓರೆಯಾಗಿದ್ದರೂ ಬೋರ್ಡು ನೇರ ಹೋಗುವುದಿಲ್ಲ, ಆಗ ಸುಮ್ನೆ ಮರವನ್ನು ಬೈಯುತ್ತೇವೆ. ಚಿತ್ರ, ಶೇಪ್ ಇಷ್ಟು ಅಕ್ಕರೆಯಿಂದ ಮತ್ತೆ ಮಾಡುವವರು ಮರಕ್ಕೂ ಅಷ್ಟೇ ಗಮನ ಕೊಡಲಿ ಅಂತ ನನ್ನ ಆಸೆ.

ಏಳು_ಪದರ:

ಹಾಗಾದರೆ ಕ್ಲಾಂಪ್ ಯೋಚನೆ ಬಿಡಿ. ಬಿಸಿ, ಹಬೆ ಕೊಟ್ಟು ಎದುರು ದಿಕ್ಕಿಗೆ ಬಿಗಿದರೆ ಸ್ವಲ್ಪ ದಿನ ನೆಟ್ಟಗಿದ್ದ ಹಾಗೆ ಕಾಣುತ್ತದೆ. ಓರೆ ಎಳೆ ಒಳಗೆ ಹಾಗೇ ಇರುತ್ತದೆ, ಡೆಕ್ ಮತ್ತೆ ತಿರುಚುತ್ತದೆ. ಹಬೆಗೆ ಅಂಟು ಮೆತ್ತಗಾಗಿ ಆ ಸೀಳು ಇನ್ನೂ ದೊಡ್ಡದಾಗಬಹುದು. ತಿರುಚನ್ನು ಅವರು ಮರದ ಗುಣ ಅಂದರೂ ಸೀಳನ್ನು ಹಾಗೆ ಅನ್ನಲು ಬಾರದು. ಅಲ್ಲಿ ಅಂಟು ತಲುಪಿಲ್ಲ, ಇಲ್ಲವೇ ಒತ್ತಡ ಸಾಲಲಿಲ್ಲ. ಟೇಲ್‌ಗೇ ಜಾಸ್ತಿ ಪೆಟ್ಟು ಬೀಳುವುದು.

ಅವರಿಗೆ ಬರೆಯುವಾಗ ಸೀಳನ್ನೇ ಮೊದಲು ಹೇಳಿ. ಉಗುರು ಒಳಗೆ ಹೋಗಿರುವ ಫೋಟೋ, ಎರಡು ಪಟ್ಟಿಯ ಫೋಟೋ, ವೀಲ್ ಕೆಳಗೆ ಕಾರ್ಡ್ ಇರುವ ಫೋಟೋ ಕಳಿಸಿ. ಗ್ರಿಪ್ ಟೇಪ್ (ಕಾಲು ಜಾರದಂತೆ ಡೆಕ್ ಮೇಲೆ ಹಾಕುವ ಒರಟು ಹಾಳೆ) ಅಂಟಿಸಬೇಡಿ, ಅಂಟಿಸಿದರೆ ಬಳಸಿದ ಮಾಲು ಅಂತ ವಾಪಸ್ ತಗೊಳ್ಳಲಿಕ್ಕಿಲ್ಲ. ಬದಲಿ ಡೆಕ್ ಬಂದರೆ ಹೊದಿಕೆ ತೆಗೆದು, ಎರಡೂ ಮುಖಕ್ಕೆ ಗಾಳಿ ಆಡುವ ಹಾಗೆ ಒಂದೆರಡು ವಾರ ಮನೆಯೊಳಗೆ ಇಡಿ. ಗೋಡೆಗೆ ಒರಗಿಸಬೇಡಿ. ಆಮೇಲೆ ಪಟ್ಟಿ ಇಟ್ಟು ನೋಡಿ. ನೆಟ್ಟಗಿದ್ದರೆ ಅಂಚಿನ ಸುತ್ತ, ತೂತುಗಳ ಒಳಗೆ ತೆಳ್ಳಗೆ ವಾರ್ನಿಶ್ ಹಚ್ಚಿ. ಎಳೆಯ ಬಾಯಿ ತೆರೆದಿರುವುದು ಅಲ್ಲೇ, ನೀರು ಒಳಗೆ ಹೋಗುವುದೂ ಅಲ್ಲಿಂದಲೇ. ಗ್ರಿಪ್ ಟೇಪ್ ಅದು ಒಣಗಿದ ಮೇಲೆ.