ಹುಡುಗ ಸರಿಯಾಗಿ ಬರುತ್ತಿಲ್ಲ, ಪಾಠ ನಿಲ್ಲಿಸಲಾ?

ಪ್ರಶ್ನೆ:
ನಗರದ ಬಡ ಕುಟುಂಬದ ಎಂಟನೇ ತರಗತಿ ಹುಡುಗನಿಗೆ ವಾರಕ್ಕೆರಡು ದಿನ ಗಣಿತ ಹೇಳಿಕೊಡುತ್ತಿದ್ದೇನೆ. ಮೂರು ವಾರ ಬಂದ, ಆಮೇಲೆ ಎರಡು ವಾರ ಪತ್ತೆಯೇ ಇಲ್ಲ. ಬಂದರೂ ನೋಟ್‌ಬುಕ್ಕಿಗೆ ಕೈ ಅಡ್ಡ ಇಟ್ಟುಕೊಂಡೇ ಲೆಕ್ಕ ಮಾಡುತ್ತಾನೆ, ತಪ್ಪಾದರೆ ಹಾಳೆ ಹರಿಯುವ ತನಕ ರಬ್ಬರಿನಲ್ಲಿ ಉಜ್ಜುತ್ತಾನೆ. ನನ್ನಿಂದ ಆಗಲ್ಲ ಅನಿಸುತ್ತಿದೆ. ಬಿಟ್ಟುಬಿಡಲಾ?

ಉತ್ತರ 1:
ದಯವಿಟ್ಟು ಬಿಡಬೇಡಿ. ಇಂಥ ಮಾರ್ಗದರ್ಶನ ಎಷ್ಟು ದಿನ ನಡೆಯಿತು ಅನ್ನುವುದನ್ನೇ ಅಮೆರಿಕದಲ್ಲಿ ಗ್ರಾಸ್‌ಮನ್ ಮತ್ತು ರೋಡ್ಸ್ ಅನ್ನುವ ಸಂಶೋಧಕರು ನೋಡಿ 2002ರಲ್ಲಿ ಬರೆದಿದ್ದಾರೆ. ವರ್ಷಕ್ಕಿಂತ ಜಾಸ್ತಿ ಜೊತೆಗಿದ್ದ ಮಕ್ಕಳಿಗೆ ಲಾಭ ಹೆಚ್ಚು. ಮೂರು ತಿಂಗಳೊಳಗೆ ನಿಂತುಹೋದ ಕಡೆ ಮಕ್ಕಳಿಗೆ ತಮ್ಮ ಮೇಲಿದ್ದ ಭರವಸೆಯೇ ಕುಗ್ಗಿತ್ತು. ನೀವು ಈಗ ಆ ಮೂರು ತಿಂಗಳ ಒಳಗೇ ಇದ್ದೀರಿ ಅಲ್ವಾ?

ಉತ್ತರ 2:
ಬರದ ದಿನ ಏನು ಮಾಡುತ್ತಿದ್ದ ಅಂತ ಮೆತ್ತಗೆ ಕೇಳಿ ನೋಡಿ. ನನ್ನ ಹತ್ತಿರ ಬರುತ್ತಿದ್ದ ಹುಡುಗಿ ಸುಮ್ನೆ ತಪ್ಪಿಸಿಕೊಳ್ಳುತ್ತಾಳೆ ಅಂದುಕೊಂಡಿದ್ದೆ. ಅಮ್ಮ ಕೆಲಸದಿಂದ ಬರುವ ತನಕ ತಮ್ಮನನ್ನು ಅವಳೇ ನೋಡಿಕೊಳ್ಳಬೇಕಿತ್ತು. ತಮ್ಮನನ್ನೂ ಕರೆದುಕೊಂಡು ಬಾ ಅಂದೆ. ಅವನು ಮೂಲೆಯಲ್ಲಿ ಬಣ್ಣ ಹಚ್ಚುತ್ತಾ ಕೂರುತ್ತಿದ್ದ, ಇವಳು ಒಂದು ದಿನವೂ ತಪ್ಪಿಸಲಿಲ್ಲ.

ಉತ್ತರ 3:
ರಬ್ಬರ್ ಎತ್ತಿಡಿ. ತಪ್ಪಿನ ಮೇಲೆ ಒಂದು ಗೀಟು ಎಳೆದು ಪಕ್ಕದಲ್ಲೇ ಮತ್ತೆ ಮಾಡಲಿ. ಎಂಟನೇ ತರಗತಿ ಪುಸ್ತಕ ಸದ್ಯಕ್ಕೆ ಬೇಡ, ಭಾಗಾಕಾರ, ಭಿನ್ನರಾಶಿ ಎಲ್ಲಿ ತಡವರಿಸುತ್ತಾನೋ ಅಲ್ಲಿಂದಲೇ ಹಿಡಿಯಿರಿ.

ಪ್ರಶ್ನೆ ಕೇಳಿದವರು:
ಅವನಿಗೂ ಒಬ್ಬ ತಂಗಿ ಇದ್ದಾಳೆ, ನನಗೆ ಹೊಳೆದೇ ಇರಲಿಲ್ಲ. ನಾಳೆಯೇ ಅವರಮ್ಮನ ಹತ್ತಿರ ಮಾತಾಡುತ್ತೇನೆ.